ಮನೆಯ ನೆಲ ಹೊರಬಲ್ಲ ಭಾರ: ಮುಂಬಯಿಯ ಮಹಡಿಮನೆಗಳಲ್ಲಿ ಮೀನಿನ ತೊಟ್ಟಿ



ಮುಂಬಯಿ ಸಮುದ್ರದ ಮಡಿಲಲ್ಲಿ ಬೆಳೆದ ನಗರ. ಮೀನಿನೊಡನೆ ಈ ನಗರದ ನಂಟು ಇಲ್ಲಿನ ಕೋಳಿವಾಡಗಳಷ್ಟೇ ಹಳೆಯದು. 1951ರಲ್ಲಿ ಅಂದಿನ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರು ಮರೀನ್ ಡ್ರೈವ್‌ನಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯವನ್ನು ಉದ್ಘಾಟಿಸಿದರು. ಗಾಜಿನ ಹಿಂದೆ ಈಜುವ ಬಣ್ಣದ ಮೀನುಗಳು ಹಲವು ತಲೆಮಾರಿನ ಮಕ್ಕಳ ಕುತೂಹಲವನ್ನು ಅಲ್ಲಿ ತಣಿಸಿದವು. ಮುಂದಿನ ದಶಕಗಳಲ್ಲಿ ಈ ಹವ್ಯಾಸ ಮನೆಗಳ ಒಳಗೂ ಪ್ರವೇಶಿಸಿತು. ಕ್ರಾಫರ್ಡ್ ಮಾರುಕಟ್ಟೆಯ ಅಂಗಡಿಸಾಲು ಹಾಗೂ ಕುರ್ಲಾದ ಮೀನಿನ ಪೇಟೆ ಈ ಹವ್ಯಾಸಿಗಳಿಗೆ ಚಿರಪರಿಚಿತ. ದುಡಿದು ದಣಿದು ಲೋಕಲ್ ಗಾಡಿಯಲ್ಲಿ ನಿಂತೇ ಮನೆ ಸೇರುವ ನಗರವಾಸಿಗೆ ಮೀನಿನ ತೊಟ್ಟಿಯ ಮುಂದೆ ಕಳೆಯುವ ಕಾಲು ಗಂಟೆ ನೆಮ್ಮದಿ ನೀಡುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಸಾರ್ವಜನಿಕ ಮತ್ಸ್ಯಾಲಯಕ್ಕೂ ಮನೆಯ ತೊಟ್ಟಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮತ್ಸ್ಯಾಲಯದ ಕಟ್ಟಡವನ್ನು ನೀರಿನ ಭಾರ ಹೊರಲೆಂದೇ ಕಟ್ಟಲಾಗುತ್ತದೆ. ಮನೆಯ ತೊಟ್ಟಿಯಾದರೋ, ಮನುಷ್ಯರ ವಾಸಕ್ಕೆಂದು ಕಟ್ಟಿದ ಎರಡನೆಯ ಅಥವಾ ಐದನೆಯ ಮಹಡಿಯ ನೆಲದ ಮೇಲೆ ಬಂದು ಕುಳಿತುಕೊಳ್ಳುತ್ತದೆ. ತೊಟ್ಟಿಯನ್ನು ಕೊಳ್ಳುವವರು ಗಾಜು ಗಟ್ಟಿಯೇ, ಅಂಟು ಸೋರುವುದಿಲ್ಲವೇ ಎಂದು ಅಂಗಡಿಯವನನ್ನು ತಪ್ಪದೆ ವಿಚಾರಿಸುತ್ತಾರೆ. ಮನೆಯ ನೆಲ ಇದನ್ನು ಹೊರಬಲ್ಲದೇ ಎಂಬ ಪ್ರಶ್ನೆ ಮಾತ್ರ ಅನೇಕ ವೇಳೆ ಯಾರ ಮನಸ್ಸಿಗೂ ಹೊಳೆಯುವುದಿಲ್ಲ. ಆ ಪ್ರಶ್ನೆಯನ್ನು ಗೃಹಸ್ಥರು ಹೇಗೆ ಕೇಳಿಕೊಳ್ಳಬೇಕು, ಉತ್ತರವನ್ನು ಎಲ್ಲಿ ಹುಡುಕಬೇಕು ಎಂಬುದನ್ನು ವಿವರಿಸುವುದೇ ಈ ಭಾಷಣದ ಉದ್ದೇಶ.

ತೂಕದ ಲೆಕ್ಕ

ಮೊದಲನೆಯ ಕೆಲಸ ತೂಕವನ್ನು ತಿಳಿಯುವುದು. ಇದಕ್ಕೆ ಯಾವ ತಜ್ಞರ ನೆರವೂ ಬೇಕಿಲ್ಲ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರುಗಳಲ್ಲಿ ಅಳೆದು, ಗುಣಿಸಿ, ಬಂದ ಮೊತ್ತವನ್ನು 1000ದಿಂದ ಭಾಗಿಸಿದರೆ ಅದು ಎಷ್ಟು ಲೀಟರಿನ ತೊಟ್ಟಿ ಎಂಬುದು ಸಿಗುತ್ತದೆ.

ಸುಮಾರು ನಾಲ್ಕು ಅಡಿ ಉದ್ದದ, ಅಂದರೆ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ತೊಟ್ಟಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಂಚಿನವರೆಗೆ ತುಂಬಿದರೆ ಅದರಲ್ಲಿ 243 ಲೀಟರ್ ನೀರು ಹಿಡಿಯುತ್ತದೆ. 10 ಮಿಲಿಮೀಟರ್ ದಪ್ಪದ ಗಾಜಿನ ಹಲಗೆಗಳ ತೂಕ ಸುಮಾರು 50 ಕಿಲೋಗ್ರಾಂ. ತಳದಲ್ಲಿ ಹರಡುವ ಮರಳು, ಕಲ್ಲು ಸುಮಾರು 40 ಕಿಲೋಗ್ರಾಂ; ಮರದ ಪೀಠ ಮತ್ತೊಂದು 40 ಕಿಲೋಗ್ರಾಂ. ಒಟ್ಟು ಭಾರ 370 ಕಿಲೋಗ್ರಾಂ ದಾಟುತ್ತದೆ. ನೀರನ್ನು ಅಂಚಿನವರೆಗೆ ತುಂಬುವುದಿಲ್ಲವಾದ್ದರಿಂದಲೂ ಕಲ್ಲುಮರಳು ನೀರಿನ ಜಾಗವನ್ನು ಆಕ್ರಮಿಸುವುದರಿಂದಲೂ ವಾಸ್ತವಿಕ ತೂಕ ಇದಕ್ಕಿಂತ ಕೊಂಚ ಕಡಿಮೆಯಾದೀತು. ಆದರೂ ಇಂಥ ಲೆಕ್ಕದಲ್ಲಿ ಹೆಚ್ಚಿನ ಮೊತ್ತವನ್ನೇ ಹಿಡಿಯುವುದು ವಿವೇಕದ ಮಾರ್ಗ.

ಇದೇ ರೀತಿ ಎರಡು ಅಡಿ ಉದ್ದ, ಒಂದು ಅಡಿ ಅಗಲ ಮತ್ತು ಎತ್ತರದ ಚಿಕ್ಕ ತೊಟ್ಟಿಯ ತೂಕ ಪೀಠಸಹಿತ 100 ಕಿಲೋಗ್ರಾಂನೊಳಗೇ ಇರುತ್ತದೆ. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯದಾದರೋ 900 ಕಿಲೋಗ್ರಾಂ ಮೀರುತ್ತದೆ. ಆ ತೊಟ್ಟಿಯ ನೀರೊಂದೇ ಸರಿಸುಮಾರು ಒಂದು ಮಾರುತಿ 800 ಕಾರಿನಷ್ಟು ತೂಗುತ್ತದೆ. ಅಳತೆ ಮೂರು ಪಟ್ಟಾದಾಗ ತೂಕ ಒಂಬತ್ತು ಪಟ್ಟಿಗೂ ಮೀರಿ ಬೆಳೆಯುತ್ತದೆ ಎಂಬುದು ಇಲ್ಲಿ ಗಮನಾರ್ಹ. ಸಮೃದ್ಧಿ ತರುವುದೆಂಬ ನಂಬಿಕೆಯಿಂದ ಕೈಯುದ್ದವೂ ಇಲ್ಲದ ಅರೋವಾನಾ ಮೀನಿನ ಮರಿಯನ್ನು ತಂದವರು, ಅದು ಎರಡು ಅಡಿಗೂ ಮೀರಿ ಬೆಳೆದಾಗ ದೊಡ್ಡ ತೊಟ್ಟಿಗೆ ಹಣ ಕೂಡಿಸುತ್ತಾರೆ. ನೆಲದ ಸಾಮರ್ಥ್ಯ ಮಾತ್ರ ಮೀನಿನೊಡನೆ ಬೆಳೆಯುವುದಿಲ್ಲ.

ನೆಲಕ್ಕೆ ನಿಗದಿಯಾದ ಭಾರ

ಎರಡನೆಯ ಪ್ರಶ್ನೆ, ನೆಲವನ್ನು ಎಷ್ಟು ಭಾರಕ್ಕೆಂದು ಕಟ್ಟಲಾಗಿದೆ ಎಂಬುದು. ಕಟ್ಟಡದ ಸ್ವಂತ ತೂಕಕ್ಕೆ ಸ್ಥಿರಭಾರವೆಂದೂ, ಅದರಲ್ಲಿ ವಾಸಿಸುವ ಜನ ಮತ್ತು ಅವರ ಸಾಮಾನುಗಳ ತೂಕಕ್ಕೆ ಚರಭಾರವೆಂದೂ ಹೆಸರು. ಭಾರತೀಯ ಮಾನಕ ಬ್ಯೂರೊ ಪ್ರಕಟಿಸಿರುವ ಐ.ಎಸ್. 875 ಎಂಬ ಮಾನಕದ 1987ರ ಎರಡನೆಯ ಭಾಗವು ವಾಸದ ಕೋಣೆಗಳ ನೆಲವನ್ನು ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಚರಭಾರಕ್ಕೆ ವಿನ್ಯಾಸಗೊಳಿಸಬೇಕೆಂದು ವಿಧಿಸುತ್ತದೆ. ಒಂದೇ ಕಡೆ ಬೀಳುವ ಭಾರಕ್ಕೆ ಸುಮಾರು 180 ಕಿಲೋಗ್ರಾಂ ಎಂಬ ಪ್ರತ್ಯೇಕ ಪರೀಕ್ಷೆಯೂ ಅದರಲ್ಲಿದೆ.

ಈ ಅಂಕಿಯನ್ನು ಎರಡು ವಿಧವಾಗಿ ತಪ್ಪು ತಿಳಿಯುವ ಸಂಭವವಿದೆ. ನಾಲ್ಕು ಅಡಿಯ ತೊಟ್ಟಿ ಆಕ್ರಮಿಸುವ ಸ್ಥಳ ಕೇವಲ 0.54 ಚದರ ಮೀಟರ್. ಅಷ್ಟು ಜಾಗದಲ್ಲಿ 370 ಕಿಲೋಗ್ರಾಂ ಎಂದರೆ ಚದರ ಮೀಟರಿಗೆ 690 ಕಿಲೋಗ್ರಾಂನಷ್ಟಾಯಿತು. ಇದು ನಿಗದಿಯಾದ ಭಾರದ ಮೂರು ಪಟ್ಟಿಗೂ ಹೆಚ್ಚು. ಇದನ್ನು ಕಂಡು ನೆಲ ಕುಸಿದೇ ಹೋಗುವುದೆಂದು ಹೆದರುವವರಿದ್ದಾರೆ. ಆದರೆ ನಿಂತ ಮನುಷ್ಯನ ಎರಡು ಪಾದಗಳ ಕೆಳಗೆ ಬೀಳುವ ಒತ್ತಡ ಇದಕ್ಕಿಂತಲೂ ಹೆಚ್ಚು. ಆದುದರಿಂದ ತೊಟ್ಟಿಯ ಅಡಿಯ ಒತ್ತಡವೊಂದರಿಂದಲೇ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಇದಕ್ಕೆ ವಿರುದ್ಧವಾಗಿ, ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಕೋಣೆಗೆ ಒಟ್ಟು 2400 ಕಿಲೋಗ್ರಾಂ ಸಲ್ಲುವುದರಿಂದ 900 ಕಿಲೋಗ್ರಾಂ ತೊಟ್ಟಿಯನ್ನು ಎಲ್ಲಿ ಬೇಕಾದರೂ ಇಡಬಹುದೆಂದು ವಾದಿಸುವವರೂ ಉಂಟು. ಇದು ಮೊದಲಿನದಕ್ಕಿಂತ ಅಪಾಯಕರವಾದ ತಪ್ಪು. 2400 ಕಿಲೋಗ್ರಾಂ ಎಂಬುದು ಇಡೀ ಕೋಣೆಯಲ್ಲಿ ಸಮವಾಗಿ ಹರಡಿದಾಗ ಸಲ್ಲುವ ಮೊತ್ತ. ಅದರಲ್ಲಿ ಮಂಚ, ಬೀರು, ಪುಸ್ತಕ, ಬಂದುಹೋಗುವ ಬಂಧುಗಳು ಎಲ್ಲರಿಗೂ ಪಾಲಿದೆ. ನೆಲವು ಭಾರವನ್ನು ಎಷ್ಟು ಹೊರುವುದೆಂಬುದು ಆ ಭಾರ ಎಲ್ಲಿ ನಿಂತಿದೆ, ಎಷ್ಟು ಕಾಲ ನಿಂತಿದೆ ಎಂಬುದನ್ನೂ ಅವಲಂಬಿಸಿದೆ.

ಕಾಲದ ಮಾತನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಗಣೇಶ ಚತುರ್ಥಿಯ ಆರತಿಗೆ ಆರು ಮಂದಿ ವಯಸ್ಕರು ಒಂದು ಮೂಲೆಯಲ್ಲಿ ಒತ್ತಾಗಿ ನಿಂತರೆ ಅವರ ತೂಕ ನಾಲ್ಕು ಅಡಿಯ ತೊಟ್ಟಿಯಷ್ಟೇ ಆಗುತ್ತದೆ. ಆರತಿ ಮುಗಿದೊಡನೆ ಅವರು ಚದುರುತ್ತಾರೆ. ನೆಲ ಮತ್ತೆ ಹಗುರಾಗುತ್ತದೆ. ತೊಟ್ಟಿಯಾದರೋ ಹಗಲೂ ಇರುಳೂ, ವರ್ಷಗಟ್ಟಲೆ ಅಲ್ಲಿಯೇ ನಿಂತಿರುತ್ತದೆ. ಎಡೆಬಿಡದ ಭಾರದ ಕೆಳಗೆ ಮರವೂ ಕಾಂಕ್ರೀಟೂ ನಿಧಾನವಾಗಿ ಬಾಗುತ್ತಾ ಹೋಗುವುದು ಅವುಗಳ ಸಹಜ ಗುಣ.

ವಿನ್ಯಾಸದಲ್ಲಿ ಸುರಕ್ಷತೆಗಾಗಿ ಹೆಚ್ಚುವರಿ ಬಲವನ್ನು ಕಾದಿರಿಸಿರುತ್ತಾರೆ ಎಂಬುದು ನಿಜ. ಆದರೆ ಅದು ಕಾಮಗಾರಿಯಲ್ಲಿ ಉಳಿದಿರಬಹುದಾದ ಲೋಪಗಳಿಗೂ ಅನಿರೀಕ್ಷಿತ ಸಂದರ್ಭಗಳಿಗೂ ಮೀಸಲಾದ ನಿಧಿ. ನಿತ್ಯದ ಖರ್ಚಿಗೆ ಒದಗುವ ಹಣವಲ್ಲ. ಅಲ್ಲದೆ ಈ ನಿಧಿಯನ್ನು ಈಗಾಗಲೇ ಯಾರಾದರೂ ವ್ಯಯಮಾಡಿರಲೂಬಹುದು. ಹಳೆಯ ನೆಲವನ್ನು ತೆಗೆಯದೆ ಅದರ ಮೇಲೆಯೇ ಅಮೃತಶಿಲೆ ಹಾಸುವುದು ಮುಂಬಯಿಯಲ್ಲಿ ಸಾಮಾನ್ಯ. ಎರಡು ಸೆಂಟಿಮೀಟರ್ ಕಲ್ಲು, ಅದರಡಿ ಐದು ಸೆಂಟಿಮೀಟರ್ ಗಾರೆ ಎಂದರೆ ಪ್ರತಿ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ ಹೊಸ ಭಾರ ಬಿದ್ದಂತಾಯಿತು. ಹತ್ತು ಸೆಂಟಿಮೀಟರ್ ದಪ್ಪದ, ಮೂರು ಮೀಟರ್ ಎತ್ತರದ ಇಟ್ಟಿಗೆಯ ಅಡ್ಡಗೋಡೆ ಕಟ್ಟಿದರೆ ಅದರ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 570 ಕಿಲೋಗ್ರಾಂ ಬೀಳುತ್ತದೆ. ತೊಟ್ಟಿಯ ತೂಕ ಕೇಳುವ ಮೊದಲು ನೆಲ ಈಗಾಗಲೇ ಹೊತ್ತಿರುವ ಇಂಥ ಭಾರವನ್ನು ವಿಚಾರಿಸುವುದು ಅವಶ್ಯ.

ಸ್ಥಳದ ಆಯ್ಕೆ

ತೊಟ್ಟಿಯನ್ನು ಈಶಾನ್ಯದಲ್ಲಿಡಬೇಕೇ, ಉತ್ತರದಲ್ಲಿಡಬೇಕೇ ಎಂಬ ಚರ್ಚೆ ಮನೆಗಳಲ್ಲಿ ನಡೆಯುತ್ತದೆ. ಕಟ್ಟಡಕ್ಕೆ ತಿಳಿದಿರುವ ದಿಕ್ಕು ಬೇರೆ. ಅದು ತೊಲೆ, ಕಂಬ, ಗೋಡೆಗಳ ದಿಕ್ಕು. ಎರಡು ಗೋಡೆಗಳ ಮೇಲೆ ಕುಳಿತಿರುವ ನಾಲ್ಕು ಮೀಟರ್ ಉದ್ದದ ತೊಲೆಯೊಂದನ್ನು ಊಹಿಸಿಕೊಳ್ಳಬಹುದು. ಅದರ ನಟ್ಟನಡುವೆ ಇಟ್ಟ ಭಾರ ತೊಲೆಯನ್ನು ಎಷ್ಟು ಬಾಗಿಸಲು ಯತ್ನಿಸುವುದೋ, ಅದೇ ಭಾರ ಗೋಡೆಗೆ ಒತ್ತಿಕೊಂಡು ನಿಂತಾಗ ಅದರ ಸುಮಾರು ಐದನೆಯ ಒಂದು ಪಾಲಿನಷ್ಟು ಮಾತ್ರ ಯತ್ನಿಸುತ್ತದೆ. ಆದುದರಿಂದ ಕೋಣೆಯ ಮಧ್ಯಭಾಗಕ್ಕಿಂತ ಗೋಡೆಯ ಬದಿ ಉತ್ತಮ. ಕೆಳಗೆ ತೊಲೆಯಿರುವ ಗೋಡೆಯ ಬದಿ ಇನ್ನೂ ಉತ್ತಮ. ಕಂಬದ ಸಮೀಪದ ಮೂಲೆ ಎಲ್ಲಕ್ಕಿಂತ ಉತ್ತಮ. ಕೇವಲ ಕೋಣೆಯನ್ನು ವಿಭಾಗಿಸಲು ಎಬ್ಬಿಸಿದ ಅಡ್ಡಗೋಡೆ ತಾನೇ ನೆಲಕ್ಕೆ ಹೊರೆಯಾಗಿರುವುದರಿಂದ ಅದನ್ನು ಆಧಾರವೆಂದು ಭಾವಿಸಬಾರದು.

ಬಾಲ್ಕನಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಒಂದೇ ಬದಿಯ ಆಧಾರದ ಮೇಲೆ ಹೊರಚಾಚಿದ ಬಾಲ್ಕನಿಯಲ್ಲಿ ಭಾರ ಅಂಚಿನತ್ತ ಸರಿದಷ್ಟೂ ಬುಡಕ್ಕೆ ಒತ್ತಡ ಹೆಚ್ಚು. ಅದರ ಮುಖ್ಯ ಸರಳುಗಳು ಮೇಲ್ಮೈಯ ಸಮೀಪದಲ್ಲಿರುವುದರಿಂದ ಮಳೆನೀರು ಇಂಗಿದರೆ ತುಕ್ಕು ಮೊದಲು ಹಿಡಿಯುವುದು ಅವಕ್ಕೇ. ಮುಂಬಯಿಯ ಉಪನಗರಗಳಲ್ಲಿ ಬಾಲ್ಕನಿಗಳನ್ನು ಮುಚ್ಚಿ ಕೋಣೆಯೊಳಕ್ಕೆ ಸೇರಿಸಿಕೊಂಡ ಮನೆಗಳು ಅಸಂಖ್ಯ. ಹಾಗಾಗಿ ಇಂದು ಕಿಟಕಿಯ ಬದಿಯ ಅಂದವಾದ ಮೂಲೆಯೆಂದು ಕಾಣುವ ಸ್ಥಳ ಮೂಲ ನಕ್ಷೆಯಲ್ಲಿ ಬಾಲ್ಕನಿಯಾಗಿರಬಹುದು. ಮನೆಯನ್ನು ಎರಡನೆಯ ಅಥವಾ ಮೂರನೆಯವರಿಂದ ಕೊಂಡವರಿಗೆ ಇದು ತಿಳಿದಿರುವುದಿಲ್ಲ. ಸೊಸೈಟಿಯ ಕಚೇರಿಯಲ್ಲಿರುವ ಮಂಜೂರಾದ ನಕ್ಷೆಯನ್ನು ನೋಡಿದರೆ ಸಂದೇಹ ಪರಿಹಾರವಾಗುತ್ತದೆ.

ಗಿರಗಾಂವ್, ಕಾಳಬಾದೇವಿ ಮೊದಲಾದ ಹಳೆಯ ಬಡಾವಣೆಗಳ ಕಟ್ಟಡಗಳ ರಚನೆಯೇ ಬೇರೆ. ಸಾಗುವಾನಿಯ ಕಂಬ, ತೊಲೆಗಳು. ಅವುಗಳ ಮೇಲೆ ಜಂತೆಗಳು. ಜಂತೆಗಳ ಮೇಲೆ ಹಲಗೆ. ಅದರ ಮೇಲೆ ಸುಣ್ಣದ ಗಾರೆ. ಎಲ್ಲಕ್ಕೂ ಮೇಲೆ ಅನೇಕ ಕಡೆ ಕಲಬುರಗಿ ಜಿಲ್ಲೆಯಿಂದ ಬಂದ ಶಹಾಬಾದ್ ಕಲ್ಲಿನ ಹಾಸು. ಕೆಲಸವಿಲ್ಲದೆ ಕಾಲ ಕಳೆಯುವವನನ್ನು ಮಲಗಿ ಜಂತೆ ಎಣಿಸುವವನೆಂದು ಕನ್ನಡದಲ್ಲಿ ಹಾಸ್ಯ ಮಾಡುವುದುಂಟು. ಇಂಥ ಮನೆಯಲ್ಲಿ ಜಂತೆ ಎಣಿಸುವುದು ಉಪಯುಕ್ತ ಕೆಲಸ. ತೊಟ್ಟಿಯ ಉದ್ದವು ಜಂತೆಗಳಿಗೆ ಅಡ್ಡವಾಗಿದ್ದರೆ ಭಾರ ಮೂರು ನಾಲ್ಕು ಜಂತೆಗಳಿಗೆ ಹಂಚಿಹೋಗುತ್ತದೆ. ಜಂತೆಯ ಉದ್ದಕ್ಕೇ ಇದ್ದರೆ ಒಂದೆರಡರ ಮೇಲೆಯೇ ಬೀಳುತ್ತದೆ. ಗೋಡೆಯ ಬದಿ ಸುರಕ್ಷಿತವೆಂಬ ನಿಯಮಕ್ಕೂ ಇಲ್ಲಿ ಒಂದು ಅಪವಾದವಿದೆ. ಹೊರಗೋಡೆಯೊಳಗೆ ಹುದುಗಿದ ಜಂತೆಯ ತುದಿಯೇ ಮಳೆನೀರಿನ ಒಸರಿನಿಂದ ಮೊದಲು ಕೊಳೆಯುವ ಭಾಗ. ನೆಲ ಹೊರಗೋಡೆಯ ಬಳಿ ತಗ್ಗಿದ್ದರೆ, ನಡೆದಾಗ ಅದುರಿದರೆ, ಗೆದ್ದಲಿನ ಸುಳಿವಿದ್ದರೆ ಆ ಮನೆಗೆ ದೊಡ್ಡ ತೊಟ್ಟಿ ಸಲ್ಲದು.

ಸಾಕ್ಷ್ಯ ಇರುವುದು ಕೆಳಗಿನ ಮನೆಯಲ್ಲಿ

ಇದುವರೆಗೆ ಹೇಳಿದ ಲೆಕ್ಕವೆಲ್ಲ ಕಟ್ಟಡ ಸುಸ್ಥಿತಿಯಲ್ಲಿದೆ ಎಂಬ ಭರವಸೆಯ ಮೇಲೆ ನಿಂತಿದೆ. ಆ ಭರವಸೆ ಸರಿಯೇ ಎಂದು ತಿಳಿಯಲು ತಮ್ಮ ನೆಲವನ್ನು ಎಷ್ಟು ನೋಡಿದರೂ ಪ್ರಯೋಜನವಿಲ್ಲ. ಒಬ್ಬರ ಮನೆಯ ನೆಲವೇ ಇನ್ನೊಬ್ಬರ ಮನೆಯ ಮಾಡು. ನೆಲದ ನಿಜಸ್ಥಿತಿ ಬರೆದಿರುವುದು ಅದರ ಕೆಳಮೈಯ ಮೇಲೆ. ಆದುದರಿಂದ ದೊಡ್ಡ ತೊಟ್ಟಿ ತರಬೇಕೆಂದಿರುವವರು ಮೊದಲು ಕೆಳಗಿನ ಮನೆಯವರ ಅನುಮತಿ ಪಡೆದು ಅವರ ಮಾಡನ್ನು ನೋಡಬೇಕು.

ಸಮುದ್ರದ ಉಪ್ಪುಗಾಳಿ, ತೇವ, ದೀರ್ಘ ಮಳೆಗಾಲ ಇವು ಮುಂಬಯಿಯ ಕಾಂಕ್ರೀಟಿನ ಶತ್ರುಗಳು. ಅದರೊಳಗಿನ ಉಕ್ಕಿನ ಸರಳು ತುಕ್ಕು ಹಿಡಿದಾಗ ಮೂಲ ಕಬ್ಬಿಣದ ಹಲವು ಪಟ್ಟು ಉಬ್ಬಿ, ಹೊದಿಕೆಯ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸರಳಿನ ಜಾಡಿನಲ್ಲೇ ಸಾಗುವ ನೇರ ಬಿರುಕು, ಕಂದು ಬಣ್ಣದ ಕಲೆ, ತಟ್ಟಿದರೆ ಟೊಳ್ಳು ಸದ್ದು, ಉದುರುವ ಗಾರೆ, ಬಯಲಾದ ಸರಳು ಇವು ಅದರ ಲಕ್ಷಣಗಳು. ಇವುಗಳಲ್ಲಿ ಯಾವುದು ಕಂಡರೂ ತೊಟ್ಟಿಯ ವಿಚಾರವನ್ನು ಬದಿಗಿಟ್ಟು ಕಟ್ಟಡದ ದುರಸ್ತಿಯ ವಿಚಾರವನ್ನು ಕೈಗೆತ್ತಿಕೊಳ್ಳಬೇಕು. ಬಣ್ಣ ಬಳಿದ ಅಥವಾ ಸುಳ್ಳು ಮಾಡಿನಿಂದ ಮರೆಯಾದ ಭಾಗ ದೋಷರಹಿತವೆಂದು ಭಾವಿಸುವಂತಿಲ್ಲ.

ಕಟ್ಟಡಗಳು ಕುಸಿದಾಗ ಆಗುವ ಪ್ರಾಣಹಾನಿ ಈ ನಗರಕ್ಕೆ ಅಪರಿಚಿತವಲ್ಲ. 2013ರ ಸೆಪ್ಟೆಂಬರ್ 27ರಂದು ಡಾಕ್‌ಯಾರ್ಡ್ ರೋಡ್ ಬಳಿಯ ವಸತಿ ಕಟ್ಟಡವೊಂದು ಕುಸಿದು 61 ಮಂದಿ ಮೃತಪಟ್ಟರು. 2017ರ ಜುಲೈ 25ರಂದು ಘಾಟ್‌ಕೋಪರ್‌ನಲ್ಲಿ ನಾಲ್ಕು ಮಹಡಿಯ ಕಟ್ಟಡ ಕುಸಿದು 17 ಮಂದಿ ಅಸುನೀಗಿದರು. ಅಲ್ಲಿ ನೆಲಮಹಡಿಯಲ್ಲಿ ನಡೆಯುತ್ತಿದ್ದ ಮಾರ್ಪಾಡಿನ ಕೆಲಸವೇ ತನಿಖೆಯ ಮುಖ್ಯ ವಿಷಯವಾಯಿತು. ಈ ದುರಂತಗಳಿಗೂ ಮೀನಿನ ತೊಟ್ಟಿಗಳಿಗೂ ಸಂಬಂಧವಿಲ್ಲ. ಆದರೆ ಒಂದು ಮನೆಯೊಳಗೆ ಕೈಗೊಂಡ ತೀರ್ಮಾನ ಆ ಮನೆಯೊಳಗೇ ಉಳಿಯುವುದಿಲ್ಲ ಎಂಬ ಪಾಠವನ್ನು ಅವು ಕಲಿಸುತ್ತವೆ.

ಈ ಕಾರಣದಿಂದಲೇ ಕಾನೂನು ಕೆಲವು ವ್ಯವಸ್ಥೆಗಳನ್ನು ಮಾಡಿದೆ. ಮುಂಬಯಿ ಮಹಾನಗರಪಾಲಿಕೆ ಅಧಿನಿಯಮ, 1888ರ 353ಬಿ ಪ್ರಕರಣದ ಮೇರೆಗೆ 30 ವರ್ಷ ಮೀರಿದ ಕಟ್ಟಡಗಳನ್ನು ನೋಂದಾಯಿತ ರಚನಾ ಇಂಜಿನಿಯರರಿಂದ ಪರೀಕ್ಷೆ ಮಾಡಿಸಿ ದೃಢತೆಯ ಪ್ರಮಾಣಪತ್ರ ಪಡೆಯಬೇಕು. ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳು 15ರಿಂದ 30 ವರ್ಷದ ಕಟ್ಟಡಗಳಿಗೆ ಐದು ವರ್ಷಕ್ಕೊಮ್ಮೆಯೂ, 30 ವರ್ಷ ಮೀರಿದವಕ್ಕೆ ಮೂರು ವರ್ಷಕ್ಕೊಮ್ಮೆಯೂ ರಚನಾ ತಪಾಸಣೆಯನ್ನು ವಿಧಿಸುತ್ತವೆ. ತಪಾಸಣೆಯ ನಂತರ ಕಟ್ಟಡಗಳನ್ನು ವರ್ಗೀಕರಿಸಲಾಗುತ್ತದೆ. ಸಿ-1 ಎಂದರೆ ತೆರವು ಮಾಡಿ ಕೆಡವಬೇಕಾದ ಅಪಾಯಕಾರಿ ಕಟ್ಟಡ. ಸಿ-2ಎ ಎಂದರೆ ಜನರನ್ನು ತೆರವುಗೊಳಿಸಿ ದೊಡ್ಡ ದುರಸ್ತಿ ಮಾಡಬೇಕಾದದ್ದು. ಸಿ-2ಬಿ ಎಂದರೆ ತೆರವುಗೊಳಿಸದೆ ರಚನೆಯ ದುರಸ್ತಿ ಮಾಡಬಹುದಾದದ್ದು. ಸಿ-3 ಎಂದರೆ ಸಣ್ಣ ದುರಸ್ತಿ ಸಾಕಾಗುವಂಥದು. ತಮ್ಮ ಕಟ್ಟಡದ ತಪಾಸಣಾ ವರದಿಯನ್ನು ಓದಲು ಕೇಳುವುದು ಪ್ರತಿಯೊಬ್ಬ ಸದಸ್ಯನಿಗೂ ಶೋಭಿಸುವ ಕೆಲಸ. ತೊಟ್ಟಿಯ ನೆಪದಿಂದಲಾದರೂ ಅದನ್ನು ಓದಿದರೆ ಲಾಭವೇ.

ತೀರ್ಮಾನದ ಕ್ರಮ

ಇಷ್ಟನ್ನು ತಿಳಿದ ಮೇಲೆ ತೀರ್ಮಾನ ಕಷ್ಟವಲ್ಲ. ಸುಸ್ಥಿತಿಯಲ್ಲಿರುವ ಆರ್.ಸಿ.ಸಿ. ಕಟ್ಟಡದಲ್ಲಿ 100 ಕಿಲೋಗ್ರಾಂನೊಳಗಿನ ತೊಟ್ಟಿಯ ಬಗ್ಗೆ ಆತಂಕಪಡಬೇಕಾಗಿಲ್ಲ. 350ರಿಂದ 400 ಕಿಲೋಗ್ರಾಂ ತೂಗುವ ತೊಟ್ಟಿಯನ್ನು, ಕೆಳಮೈ ನೋಡಿ, ತಪಾಸಣಾ ವರದಿ ಓದಿ, ತೊಲೆಯ ಬದಿಯ ಸ್ಥಳ ಆರಿಸಿ, ಬಲ್ಲವರ ಸಲಹೆ ಪಡೆದು ಇಡಬಹುದು. ಅದಕ್ಕೆ ಮೇಲ್ಪಟ್ಟ ತೊಟ್ಟಿಗೆ, ಹಾಗೂ ಮರದ ನೆಲ, ಬಾಲ್ಕನಿ ಅಥವಾ ಬಿರುಕು ಬಿಟ್ಟ ಕಟ್ಟಡದಲ್ಲಿ 100 ಕಿಲೋಗ್ರಾಂ ದಾಟಿದ ಯಾವುದೇ ತೊಟ್ಟಿಗೆ, ರಚನಾ ಇಂಜಿನಿಯರರ ಲಿಖಿತ ಅಭಿಪ್ರಾಯವಿಲ್ಲದೆ ಮುಂದುವರಿಯತಕ್ಕದ್ದಲ್ಲ. ತೊಟ್ಟಿಯ ಕೆಳಗೆ ದಪ್ಪ ಹಲಗೆ ಹಾಕಿದರೆ ನೆಲದ ಕಲ್ಲು ಒಡೆಯುವುದು ತಪ್ಪೀತು; ಒಟ್ಟು ಭಾರ ಒಂದು ಗ್ರಾಂ ಕೂಡ ಇಳಿಯದು.

ತೊಟ್ಟಿ ಬಂದ ನಂತರವೂ ಗಮನ ತಪ್ಪಬಾರದು. ಪೀಠ ಸಮತಟ್ಟಾಗಿದೆಯೇ, ನೀರಿನ ಅಂಚು ಒಂದು ಬದಿಗೆ ವಾಲಿದೆಯೇ, ಕೆಳಮನೆಯ ಮಾಡಿನಲ್ಲಿ ಹೊಸ ಬಿರುಕು ಅಥವಾ ತೇವ ಕಂಡಿದೆಯೇ ಎಂದು ಆಗಾಗ್ಗೆ ವಿಚಾರಿಸಬೇಕು. ಒಮ್ಮೆಲೇ ಒಡೆಯುವ ತೊಟ್ಟಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಹನಿಹನಿಯಾಗಿ ಒಸರುವ ತೊಟ್ಟಿ ಕಣ್ಣಿಗೆ ಬೀಳದೆಯೇ ಸರಳುಗಳಿಗೆ ತುಕ್ಕು ಹಿಡಿಸುತ್ತದೆ.

ಮೀನು ಸಾಕದವರಿಗೂ ಈ ಮಾತುಗಳು ಅನ್ವಯಿಸುತ್ತವೆ. ದಿನಕ್ಕೆ ಕೆಲವೇ ಗಂಟೆ ನೀರು ಬರುವ ಈ ನಗರದಲ್ಲಿ ಅಟ್ಟದ ಮೇಲೆ ಟಾಕಿ, ಮೋರಿಯಲ್ಲಿ ಪೀಪಾಯಿ ಇಲ್ಲದ ಮನೆ ವಿರಳ. 200 ಲೀಟರಿನ ಮೂರು ಪೀಪಾಯಿಗಳನ್ನು ಒತ್ತಟ್ಟಿಗೆ ಇಟ್ಟರೆ 600 ಕಿಲೋಗ್ರಾಂ ಆಯಿತು. ನೀರಿನ ಪ್ರತಿ ಹತ್ತು ಸೆಂಟಿಮೀಟರ್ ಆಳಕ್ಕೆ ಚದರ ಮೀಟರಿಗೆ 100 ಕಿಲೋಗ್ರಾಂ ಎಂಬ ಒಂದೇ ಸೂತ್ರವನ್ನು ನೆನಪಿಟ್ಟರೆ ಸಾಕು, ಗೃಹಿಣಿಯೂ ಬಾಯಿಲೆಕ್ಕದಲ್ಲೇ ಇದನ್ನು ಅಂದಾಜು ಮಾಡಬಲ್ಲಳು.

ಮುಂಬಯಿಯಂಥ ನಗರದಲ್ಲಿ ಸ್ವಂತ ಮನೆಯೆಂಬುದು ಜೀವಮಾನದ ಗಳಿಕೆ. ಅದನ್ನು ಅಂದಗೊಳಿಸುವ ಹಕ್ಕು ಮನೆಯ ಯಜಮಾನನಿಗೆ ಇದ್ದೇ ಇದೆ. ಆದರೆ ಆ ನೆಲದ ಕೆಳಗೆ ಮತ್ತೊಂದು ಸಂಸಾರ ಮಲಗುತ್ತದೆ. ಅಲ್ಲಿಯೂ ತೊಟ್ಟಿಲು ತೂಗುತ್ತದೆ. ಕೆಳಗಿನ ಮನೆಯವರ ಮಾಡನ್ನು ನೋಡಿ, ಅವರೊಡನೆ ಮಾತನಾಡಿ, ಅವರ ಒಪ್ಪಿಗೆಯೊಂದಿಗೆ ತಂದ ತೊಟ್ಟಿಯ ಮೀನುಗಳನ್ನು ಅವರ ಮಕ್ಕಳೂ ಬಂದು ನೋಡುವಂತಾಗಲಿ.